ಹೊರಗೆ ದ್ವೀಪ ಹಿಡಿದ ಅಮೆರಿಕ, ಒಳಗೆ ಪೊರಕೆ ಹಿಡಿದ ಅಮೆರಿಕ: ಪದೇ ಪದೇ ಕೇಳುವ ಪ್ರಶ್ನೆಗಳು

ಪಠ್ಯಪುಸ್ತಕದಲ್ಲಿ ಇವು ಎರಡು ಬೇರೆ ಬೇರೆ ಪಾಠ. ಒಂದರಲ್ಲಿ ಅಮೆರಿಕ ಹಡಗು ಹತ್ತಿ ದ್ವೀಪಗಳನ್ನು ಹಿಡಿಯುತ್ತದೆ. ಇನ್ನೊಂದರಲ್ಲಿ ಅದೇ ಅಮೆರಿಕ ತನ್ನ ಊರಿನ ಕೊಳಕು ತೊಳೆಯಲು ಹೊರಡುತ್ತದೆ. ಒಂದನ್ನು ಉರು ಹೊಡೆದು ಮುಗಿಸಿ ಇನ್ನೊಂದಕ್ಕೆ ಹೋಗುತ್ತೇವೆ. ಎರಡೂ ನಡೆದದ್ದು ಒಂದೇ ಕಾಲದಲ್ಲಿ, ಎಷ್ಟೋ ಸಲ ಒಂದೇ ಜನರ ಕೈಯಲ್ಲಿ ಅನ್ನುವುದು ತಲೆಗೆ ಬರುವುದೇ ಇಲ್ಲ. ಹಾಗಾಗಿ ಇಲ್ಲಿ ಎರಡನ್ನೂ ಸೇರಿಸಿಯೇ ಉತ್ತರಿಸಿದ್ದೇನೆ.

ಇದು ಯಾವ ಕಾಲದ ಮಾತು?

ಹೆಚ್ಚುಕಡಿಮೆ 1890ರಿಂದ 1920ರವರೆಗೆ. 1890ರ ಜನಗಣತಿಯಲ್ಲಿ ಅಮೆರಿಕ ಸರ್ಕಾರ ಒಂದು ಮಾತು ಹೇಳಿತು: ಪಶ್ಚಿಮದಲ್ಲಿ ಇನ್ನು ಜನ ಹೋಗಿ ನೆಲೆಸದ ಗಡಿ ಅಂತ ಗೆರೆ ಎಳೆಯುವ ಹಾಗಿಲ್ಲ, ಅದು ಮುಗಿಯಿತು ಅಂತ. 1893ರ ಜುಲೈನಲ್ಲಿ ಚಿಕಾಗೋದ ವಿಶ್ವಮೇಳದ ಸಂದರ್ಭದಲ್ಲಿ ಫ್ರೆಡೆರಿಕ್ ಜಾಕ್ಸನ್ ಟರ್ನರ್ ಎಂಬ ಯುವ ಇತಿಹಾಸಕಾರ ಇದನ್ನೇ ಹಿಡಿದು ಪ್ರಬಂಧ ಓದಿದ. ಅಮೆರಿಕದ ಸ್ವಭಾವವನ್ನು ರೂಪಿಸಿದ್ದೇ ಆ ಗಡಿ, ಈಗ ಅದಿಲ್ಲ ಎಂದ. ಎರಡು ತಿಂಗಳು ಕಳೆದು ಅದೇ ಮೇಳದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಮಾತಾಡಿದರು. ನಮಗೆ ಸೆಪ್ಟೆಂಬರಿನ ಭಾಷಣ ನೆನಪಿದೆ, ಅಮೆರಿಕದವರಿಗೆ ಜುಲೈನದ್ದು.

ಅಮೆರಿಕವೇ ಒಂದು ಕಾಲದಲ್ಲಿ ವಸಾಹತು ಆಗಿತ್ತಲ್ವಾ? ಅದಕ್ಕೆ ವಸಾಹತು ಯಾಕೆ ಬೇಕಾಯಿತು?

ಮೊದಲಿಗೆ, ನೆಲ ಹಿಡಿಯುವುದು ಅವರಿಗೆ ಹೊಸದೇನಲ್ಲ. ಮೂಲನಿವಾಸಿಗಳ ನೆಲ, ಮೆಕ್ಸಿಕೋದ ಅರ್ಧದಷ್ಟು ನೆಲ ಆಗಲೇ ಅವರ ಕೈಗೆ ಬಂದಿತ್ತು. 1867ರಲ್ಲಿ 72 ಲಕ್ಷ ಡಾಲರಿಗೆ ರಷ್ಯಾದಿಂದ ಅಲಾಸ್ಕಾ ಕೊಂಡಿದ್ದರು. ಹೊಸದಾಗಿದ್ದದ್ದು ಸಮುದ್ರ ದಾಟುವುದು.

ಕಾರಣ ಹಲವು. ಕಾರ್ಖಾನೆಗಳು ದೇಶಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಸರಕು ಮಾಡುತ್ತಿದ್ದವು. 1893ರಲ್ಲಿ ಭಾರಿ ಆರ್ಥಿಕ ಕುಸಿತವೂ ಆಯಿತು. ಹೊರಗೆ ಮಾರುಕಟ್ಟೆ ಹುಡುಕಬೇಕು ಅನ್ನುವ ಮಾತು ಜೋರಾಯಿತು. ನೌಕಾಪಡೆಯ ಆಲ್‌ಫ್ರೆಡ್ ಮಹಾನ್ ಎಂಬ ಅಧಿಕಾರಿ ಕಡಲಿನ ಬಲವಿದ್ದವರೇ ದೊಡ್ಡವರು ಎಂದು ಬರೆದ. ಆಗಿನ ಹಡಗುಗಳು ಓಡುತ್ತಿದ್ದದ್ದು ಕಲ್ಲಿದ್ದಲಿನಲ್ಲಿ. ನಡುದಾರಿಯಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳಲು ಒಂದು ಬಂದರು ಬೇಕೇ ಬೇಕು. ಪೆಸಿಫಿಕ್ಕಿನ ಪುಟ್ಟ ದ್ವೀಪಗಳಿಗೆ ದಿಢೀರ್ ಬೆಲೆ ಬಂದದ್ದು ಹಾಗೆ. ಇದರ ಮೇಲೆ, ಬಿಳಿಯರು ಆಳಲಿಕ್ಕೇ ಹುಟ್ಟಿದವರು ಎಂಬ ನಂಬಿಕೆ ಬೇರೆ.

ಹವಾಯಿ ಹೇಗೆ ಅವರದಾಯಿತು?

ಸಕ್ಕರೆಯ ದೆಸೆಯಿಂದ. ಹವಾಯಿ ತನ್ನದೇ ರಾಣಿ, ತನ್ನದೇ ಸಂವಿಧಾನ ಇದ್ದ ಸ್ವತಂತ್ರ ದೇಶ. ಅಲ್ಲಿನ ಕಬ್ಬಿನ ತೋಟಗಳು ಮಾತ್ರ ಬಹುಪಾಲು ಅಮೆರಿಕ ಮೂಲದವರ ಕೈಯಲ್ಲಿದ್ದವು. ರಾಣಿ ಲಿಲಿಯುಒಕಲಾನಿ ಅರಮನೆಯ ಅಧಿಕಾರ ವಾಪಸು ಪಡೆಯಲು ಹೊರಟಾಗ ತೋಟದ ಧಣಿಗಳ ಗುಂಪು 1893ರ ಜನವರಿಯಲ್ಲಿ ಅವಳನ್ನು ಕೆಳಗಿಳಿಸಿತು. ಬಂದರಿನಲ್ಲಿದ್ದ ಅಮೆರಿಕದ ಯುದ್ಧನೌಕೆಯಿಂದ ಸೈನಿಕರು ಇಳಿದು ಅರಮನೆಯ ಸಮೀಪವೇ ನಿಂತಿದ್ದರು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಇದು ಅನ್ಯಾಯ ಎಂದು ಹೇಳಿ ಹವಾಯಿಯನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ.

1895ರಲ್ಲಿ ರಾಣಿಯ ಕಡೆಯವರು ಒಂದು ಬಂಡಾಯ ಮಾಡಿ ಸೋತರು. ಅವಳನ್ನು ಅವಳದೇ ಅರಮನೆಯ ಮಹಡಿಯ ಕೋಣೆಯೊಂದರಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ಆಗ ಅವಳು, ಜೊತೆಗಿದ್ದವರು ಸೇರಿ ಬಟ್ಟೆ ತುಂಡುಗಳನ್ನು ಜೋಡಿಸಿ ಒಂದು ಕೌದಿ ಹೊಲಿದರು. ಅದರ ಮೇಲೆ ಹವಾಯಿಯ ಬಾವುಟ ಇದೆ, ಹೆಸರುಗಳಿವೆ, ತಾರೀಖುಗಳಿವೆ. ಆ ಕೌದಿ ಈಗಲೂ ಹೊನೊಲುಲುವಿನ ಆ ಅರಮನೆಯಲ್ಲೇ ಇದೆ.

1897ರಲ್ಲಿ ಹವಾಯಿಯ ಜನ ಅಮೆರಿಕಕ್ಕೆ ಸೇರಿಸಬೇಡಿ ಎಂದು 21,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ವಾಷಿಂಗ್ಟನ್ನಿಗೆ ಒಯ್ದರು. ಮುಂದಿನ ವರ್ಷವೇ ಸ್ಪೇನ್ ಜೊತೆ ಯುದ್ಧ ಶುರುವಾಯಿತು, ನಡುದಾರಿಯ ಬಂದರು ಬೇಕಾಯಿತು, 1898ರ ಜುಲೈನಲ್ಲಿ ಹವಾಯಿಯನ್ನು ಸೇರಿಸಿಕೊಂಡೇಬಿಟ್ಟರು. ರಾಣಿಯನ್ನು ಕೆಳಗಿಳಿಸಿ ನೂರು ವರ್ಷ ಕಳೆದು 1993ರಲ್ಲಿ ಅಮೆರಿಕದ ಸಂಸತ್ತು ಕ್ಷಮೆ ಕೇಳಿತು. ನೆಲ ಮಾತ್ರ ವಾಪಸಾಗಲಿಲ್ಲ.

ಮೇನ್ ಹಡಗನ್ನು ಸ್ಪೇನಿನವರೇ ಸ್ಫೋಟಿಸಿದ್ದಾ?

ಪರೀಕ್ಷೆಗೆ ಓದುವವರು ತಪ್ಪದೆ ಕೇಳುವ ಪ್ರಶ್ನೆ. 1898ರ ಫೆಬ್ರವರಿ 15ರ ರಾತ್ರಿ, ಆಗ ಸ್ಪೇನಿನ ವಸಾಹತಾಗಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ಯುದ್ಧನೌಕೆ ಸಿಡಿಯಿತು. ಸುಮಾರು 260 ಜನ ಸತ್ತರು. ನೌಕಾಪಡೆಯ ತನಿಖೆ ಹೊರಗಿನ ಸಿಡಿಗುಂಡು ಎಂದಿತು. ಯಾರು ಇಟ್ಟರೆಂದು ಹೇಳಲಿಲ್ಲ. ಪತ್ರಿಕೆಗಳಿಗೆ ಅಷ್ಟೇ ಸಾಕಾಗಿತ್ತು. ನ್ಯೂಯಾರ್ಕಿನಲ್ಲಿ ಹರ್ಸ್ಟ್, ಪುಲಿಟ್ಜರ್ ಇಬ್ಬರ ಪತ್ರಿಕೆಗಳೂ ಪೈಪೋಟಿಯ ಮೇಲೆ ಬೆಂಕಿಗೆ ತುಪ್ಪ ಸುರಿದವು. 1976ರಲ್ಲಿ ಅಡ್ಮಿರಲ್ ರಿಕೋವರ್ ತಂಡ ಹಳೇ ದಾಖಲೆಗಳನ್ನೆಲ್ಲ ಮತ್ತೆ ನೋಡಿತು. ಹಡಗಿನೊಳಗೆ ಕಲ್ಲಿದ್ದಲಿಗೆ ಹತ್ತಿದ ಬೆಂಕಿ ಪಕ್ಕದ ಮದ್ದಿನ ಕೋಣೆಗೆ ತಗುಲಿರಬೇಕು ಎಂದಿತು. ಇದನ್ನು ಒಪ್ಪದವರೂ ಇದ್ದಾರೆ. ಪತ್ರಿಕೆಗಳಿಂದಲೇ ಯುದ್ಧ ಆಯಿತು ಅನ್ನುವುದೂ ಸ್ವಲ್ಪ ಜಾಸ್ತಿಯೇ. ಕ್ಯೂಬಾದವರು 1895ರಿಂದಲೇ ಸ್ಪೇನಿನ ವಿರುದ್ಧ ಹೋರಾಡುತ್ತಿದ್ದರು, ಅಮೆರಿಕದವರ ದುಡ್ಡು ಅಲ್ಲಿನ ಕಬ್ಬಿನ ಗದ್ದೆಗಳಲ್ಲಿ ಸಿಕ್ಕಿಕೊಂಡಿತ್ತು.

ಕ್ಯೂಬಾಕ್ಕಾಗಿ ಶುರುವಾದ ಯುದ್ಧ ಫಿಲಿಪೀನ್ಸ್‌ಗೆ ಹೇಗೆ ಹೋಯಿತು?

ಅದೂ ಸ್ಪೇನಿನ ವಸಾಹತೇ. ಮೇ 1ರ ಬೆಳಗ್ಗೆ ಅಮೆರಿಕದ ನೌಕಾಧಿಕಾರಿ ಜಾರ್ಜ್ ಡ್ಯೂಯಿಯ ಹಡಗುಗಳು ಮನಿಲಾ ಕೊಲ್ಲಿಯಲ್ಲಿದ್ದ ಸ್ಪೇನಿನ ನೌಕೆಗಳನ್ನೆಲ್ಲ ಕೆಲವೇ ಗಂಟೆಯಲ್ಲಿ ಮುಳುಗಿಸಿದವು. ಫಿಲಿಪಿನೋ ನಾಯಕ ಎಮಿಲಿಯೋ ಅಗಿನಾಲ್ಡೋ ಜೂನ್ 12ರಂದು ಸ್ವಾತಂತ್ರ್ಯ ಘೋಷಿಸಿದ. ಆಗಸ್ಟ್ 13ರಂದು ಮನಿಲಾ ಶರಣಾಯಿತು. ಅದೊಂದು ನಾಟಕ. ಸ್ಪೇನಿನವರೂ ಅಮೆರಿಕದವರೂ ಮೊದಲೇ ಮಾತಾಡಿಕೊಂಡು, ಮರ್ಯಾದೆಗೆ ನಾಲ್ಕು ಗುಂಡು ಹಾರಿಸಿ, ಊರನ್ನು ಕೈ ಬದಲಾಯಿಸಿಕೊಂಡರು. ಊರಿಗೆ ಮುತ್ತಿಗೆ ಹಾಕಿ ಕೂತಿದ್ದ ಫಿಲಿಪಿನೋ ಸೈನಿಕರನ್ನು ಒಳಗೇ ಬಿಡಲಿಲ್ಲ.

ಡಿಸೆಂಬರಿನಲ್ಲಿ ಪ್ಯಾರಿಸ್ ಒಪ್ಪಂದವಾಯಿತು. ಪೋರ್ಟೊ ರಿಕೊ ಮತ್ತು ಗುವಾಮ್ ಅಮೆರಿಕಕ್ಕೆ, ಫಿಲಿಪೀನ್ಸ್ 2 ಕೋಟಿ ಡಾಲರಿಗೆ. ಮಾತುಕತೆಯ ಮೇಜಿನ ಮುಂದೆ ಫಿಲಿಪಿನೋಗಳಿಗೆ ಕುರ್ಚಿ ಇರಲಿಲ್ಲ. 1899ರ ಫೆಬ್ರವರಿ 4ರಂದು ಮನಿಲಾದ ಹೊರಗೆ ಅಮೆರಿಕದವರಿಗೂ ಫಿಲಿಪಿನೋಗಳಿಗೂ ನಡುವೆ ಗುಂಡು ಹಾರಿತು. ಎರಡು ದಿನಕ್ಕೆ ಅಮೆರಿಕದ ಸೆನೆಟ್ 57–27 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು. ಬೇಕಿದ್ದದ್ದಕ್ಕಿಂತ ಒಂದೇ ಮತ ಜಾಸ್ತಿ.

ಆಮೇಲಿನ ಯುದ್ಧವನ್ನು ಪಠ್ಯಪುಸ್ತಕಗಳು ಅರ್ಧ ಸಾಲಿನಲ್ಲಿ ದಾಟಿಸಿಬಿಡುತ್ತವೆ. ಅಧಿಕೃತವಾಗಿ ಅದು ಮುಗಿದದ್ದು 1902ರ ಜುಲೈ 4ರಂದು. 4,200ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಫಿಲಿಪಿನೋ ಹೋರಾಟಗಾರರು ಸುಮಾರು 20,000. ಹಸಿವು, ಕಾಲರಾ, ಹಿಂಸೆ ಸೇರಿ ಸತ್ತ ಸಾಮಾನ್ಯ ಜನ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ಎಂದು ಅಂದಾಜು. ಸೆರೆ ಸಿಕ್ಕವರನ್ನು ಅಂಗಾತ ಮಲಗಿಸಿ, ಬಾಯಿಗೆ ನೀರು ಹುಯ್ದು ಹೊಟ್ಟೆ ಉಬ್ಬಿಸಿ ಬಾಯಿ ಬಿಡಿಸುತ್ತಿದ್ದರು. ಸೈನಿಕರು ಅದಕ್ಕೆ ನೀರಿನ ಚಿಕಿತ್ಸೆ ಅಂತ ಹೆಸರಿಟ್ಟಿದ್ದರು. 1902ರಲ್ಲಿ ಸೆನೆಟ್ ಸಮಿತಿಯ ಮುಂದೆ ಇದೆಲ್ಲ ಸಾಕ್ಷಿಯಾಗಿ ಬಂತು.

ಅಮೆರಿಕದೊಳಗೆ ಯಾರೂ ವಿರೋಧಿಸಲಿಲ್ವಾ?

ವಿರೋಧಿಸಿದರು. 1898ರಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ಲೀಗ್ ಹುಟ್ಟಿತು. ಮಾರ್ಕ್ ಟ್ವೇನ್, ಉಕ್ಕಿನ ಧಣಿ ಆಂಡ್ರೂ ಕಾರ್ನೆಗಿ, ಮಾಜಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್, ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್, ಚಿಕಾಗೋದ ಸಮಾಜಸೇವಕಿ ಜೇನ್ ಆಡಮ್ಸ್ ಎಲ್ಲರೂ ಆ ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಗುಂಪು. ಕೆಲವರಿಗೆ ಇದು ನೀತಿಯ ಪ್ರಶ್ನೆ. ಇನ್ನು ಕೆಲವರಿಗೆ ಅಗ್ಗದ ಕೂಲಿಗಳು ಬಂದುಬಿಡುತ್ತಾರೆ ಎಂಬ ಭಯ. ದಕ್ಷಿಣದ ಕೆಲವು ಸೆನೆಟರುಗಳಿಗೆ ಕಂದು ಬಣ್ಣದವರು ನಮ್ಮ ದೇಶಕ್ಕೆ ಸೇರುವುದೇ ಬೇಡ ಎಂಬ ಅಸಹ್ಯ. ಹಾಗಾಗಿ ವಿರೋಧಿಸಿದವರೆಲ್ಲ ಒಳ್ಳೆಯವರು ಅಂದುಕೊಳ್ಳಬೇಡಿ.

ದ್ವೀಪದ ಜನ ಅಮೆರಿಕದ ಪ್ರಜೆಗಳಾದರಾ?

ಇದಕ್ಕೆ ಉತ್ತರ ಸಿಕ್ಕಿದ್ದು ಕಿತ್ತಳೆ ಹಣ್ಣಿನ ಕೇಸಿನಲ್ಲಿ. 1900ರ ನವೆಂಬರಿನಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬ ಪೋರ್ಟೊ ರಿಕೊದಿಂದ ಕಿತ್ತಳೆ ತರಿಸಿದ. ಬಂದರಿನಲ್ಲಿ 659 ಡಾಲರ್ 35 ಸೆಂಟ್ ಸುಂಕ ಕಟ್ಟಿಸಿಕೊಂಡರು. ಪೋರ್ಟೊ ರಿಕೊ ನಮ್ಮದೇ ಆದಮೇಲೆ ಅಲ್ಲಿನ ಹಣ್ಣಿಗೆ ಸುಂಕ ಯಾಕೆ ಅಂತ ಅವನು ಕೇಸು ಹಾಕಿದ. ನ್ಯಾಯವಾದ ಪ್ರಶ್ನೆ. 1901ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ತೀರ್ಪು ಕೊಟ್ಟಿತು: ದ್ವೀಪ ಅಮೆರಿಕಕ್ಕೆ ಸೇರಿದ್ದು ಹೌದು, ಆದರೆ ಅಮೆರಿಕದ ಭಾಗ ಅಲ್ಲ. ಸಂವಿಧಾನದ ಎಲ್ಲ ಹಕ್ಕುಗಳೂ ಬಾವುಟದ ಜೊತೆಗೇ ಹೋಗಬೇಕಿಲ್ಲ ಎಂದಾಯಿತು. ಪೋರ್ಟೊ ರಿಕೊದವರಿಗೆ ಪೌರತ್ವ ಬಂದದ್ದು 1917ರಲ್ಲಿ. ದ್ವೀಪದಲ್ಲಿ ವಾಸ ಮಾಡುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಈಗಲೂ ಮತವಿಲ್ಲ.

ಪನಾಮ ಕಾಲುವೆಯ ಬಗ್ಗೆ ಚಿಕ್ಕದಾಗಿ ಹೇಳಿ.

ಪನಾಮ ಆಗ ಕೊಲಂಬಿಯಾದ ಒಂದು ಭಾಗ. ಕೊಲಂಬಿಯಾದ ಸೆನೆಟ್ ಅಮೆರಿಕದ ಜೊತೆಗಿನ ಕಾಲುವೆ ಒಪ್ಪಂದ ತಿರಸ್ಕರಿಸಿತು. 1903ರ ನವೆಂಬರ್ 3ರಂದು ಪನಾಮದಲ್ಲಿ ದಂಗೆಯಾಯಿತು. ಅಮೆರಿಕದ ಯುದ್ಧನೌಕೆ ಕಾವಲು ನಿಂತಿತು. ಎರಡು ವಾರದಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಪನಾಮದ ಪರವಾಗಿ ಸಹಿ ಹಾಕಿದವನು ಒಬ್ಬ ಫ್ರೆಂಚ್ ಎಂಜಿನಿಯರ್. ಪನಾಮದ ಪ್ರತಿನಿಧಿಗಳು ವಾಷಿಂಗ್ಟನ್ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕಾಲುವೆ 1914ರ ಆಗಸ್ಟ್ 15ರಂದು ತೆರೆಯಿತು. ಮೊದಲು ಕಾಲುವೆ ತೋಡಲು ಹೋಗಿದ್ದ ಫ್ರೆಂಚರನ್ನು ಸೋಲಿಸಿದ್ದ ಹಳದಿ ಜ್ವರವನ್ನು ವೈದ್ಯ ವಿಲಿಯಂ ಗೋರ್ಗಸ್ ಸೊಳ್ಳೆ ಓಡಿಸಿಯೇ ಓಡಿಸಿದ: ನಿಂತ ನೀರಿಗೆ ಎಣ್ಣೆ, ಮನೆಗಳಿಗೆ ಹೊಗೆ, ಕಿಟಕಿಗೆ ಜಾಲರಿ. ಅಗೆದವರಲ್ಲಿ ಹೆಚ್ಚಿನವರು ಬಾರ್ಬಡೋಸ್, ಜಮೈಕಾ ಕಡೆಯ ಕಪ್ಪು ಕೂಲಿಗಳು. ಬಿಳಿ ಅಮೆರಿಕನ್ನರಿಗೆ ಸಂಬಳ ಚಿನ್ನದ ಲೆಕ್ಕದಲ್ಲಿ, ಇವರಿಗೆ ಬೆಳ್ಳಿಯಲ್ಲಿ. ಊಟದ ಮನೆ, ಶಾಲೆ, ಕುಡಿಯುವ ನೀರಿನ ನಲ್ಲಿ ಕೂಡ ಬೇರೆ ಬೇರೆ. ಅಮೆರಿಕದ ಕಾಲದಲ್ಲಿ ಸತ್ತವರ ಅಧಿಕೃತ ಲೆಕ್ಕ 5,609.

ಸರಿ, ಪ್ರೊಗ್ರೆಸಿವ್ ಅಂದರೆ ಯಾರು? ಅದೊಂದು ಪಾರ್ಟಿನಾ?

ಆ ಹೆಸರಿನ ಪಾರ್ಟಿ ಇತ್ತು. 1912ರಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತನ್ನ ರಿಪಬ್ಲಿಕನ್ ಪಾರ್ಟಿ ಬಿಟ್ಟು ಅದನ್ನು ಕಟ್ಟಿದ, ಸೋತ. ಆದರೆ ಚಳವಳಿ ಅದಕ್ಕಿಂತ ಹಳೆಯದು, ದೊಡ್ಡದು. ವಕೀಲರು, ಡಾಕ್ಟರುಗಳು, ಮೇಷ್ಟ್ರುಗಳು, ಪತ್ರಕರ್ತರು, ಕಾಲೇಜು ಓದಿ ಮನೆಯಲ್ಲಿ ಸುಮ್ನೆ ಕೂರಲಾರದ ಹೆಣ್ಣುಮಕ್ಕಳು ಎಲ್ಲ ಇದರಲ್ಲಿದ್ದರು. ನಗರಗಳು ವಲಸೆ ಬಂದವರಿಂದ ತುಂಬಿ ತುಳುಕುತ್ತಿದ್ದವು. 1907ರ ಒಂದೇ ವರ್ಷದಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ಬಂದಿಳಿದರು. ಕೊಳಕು ಮನೆ, ಹನ್ನೆರಡು ಗಂಟೆ ದುಡಿಮೆ, ಲಂಚಕೋರ ನಗರಸಭೆ. ಇದನ್ನು ಓದು, ಲೆಕ್ಕ, ಕಾನೂನು ಬಳಸಿ ಸರಿ ಮಾಡಬಹುದು ಎಂದು ನಂಬಿದವರೇ ಪ್ರೊಗ್ರೆಸಿವ್‌ಗಳು.

ಜೇನ್ ಆಡಮ್ಸ್ ಮಾಡಿದ್ದೇನು?

ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದವಳು. 1889ರಲ್ಲಿ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಚಿಕಾಗೋದ ಬಡವರ ಕೇರಿಯಲ್ಲಿ ಹಲ್ ಹೌಸ್ ಎಂಬ ಮನೆ ತೆರೆದಳು. ಓದಿದವರು ಅಲ್ಲೇ ವಾಸ ಮಾಡಿ, ನೆರೆಹೊರೆಯವರಾಗಿ ಕೆಲಸ ಮಾಡಬೇಕು ಅನ್ನುವುದು ಯೋಚನೆ. ಶಿಶುವಿಹಾರ, ಇಂಗ್ಲಿಷ್ ಪಾಠ, ಸ್ನಾನದ ಮನೆ, ಸಭೆಗೆ ಜಾಗ ಎಲ್ಲ ಅಲ್ಲಿತ್ತು.

ಕೇರಿಯಲ್ಲಿ ಕಸದ್ದೇ ದೊಡ್ಡ ಕಾಟ. ಕಸ ಎತ್ತುವ ಗುತ್ತಿಗೆ ಹಿಡಿದವರು ದುಡ್ಡು ತಗೊಂಡು ಕಸ ಅಲ್ಲೇ ಬಿಡುತ್ತಿದ್ದರು. (ಓದಿದ ಕೂಡಲೇ ನಿಮಗೆ ಯಾವುದೋ ಊರು ನೆನಪಾದರೆ ಅದು ನನ್ನ ತಪ್ಪಲ್ಲ.) 1895ರಲ್ಲಿ ಆಡಮ್ಸ್ ತನ್ನ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಆದಳು. ಬೆಳಗ್ಗೆ ಆರಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಹೊರಡುತ್ತಿದ್ದಳು. ಒಂದು ಸಣ್ಣ ಓಣಿಯಲ್ಲಿ ಕಸ ಕೆರೆಸುತ್ತಾ ಹೋದಾಗ ಒಂದೂವರೆ ಅಡಿ ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು. ಅಲ್ಲೊಂದು ರಸ್ತೆ ಇದೆ ಅಂತಲೇ ಅಲ್ಲಿನವರಿಗೆ ಗೊತ್ತಿರಲಿಲ್ಲ. 1931ರಲ್ಲಿ ಅವಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಪತ್ರಕರ್ತರ ಪಾತ್ರ ಏನು?

ಜೇಕಬ್ ರೀಸ್ ಹೊಸದಾಗಿ ಬಂದಿದ್ದ ಫ್ಲಾಶ್ ಪುಡಿ ಉರಿಸಿ ನ್ಯೂಯಾರ್ಕಿನ ಕತ್ತಲೆ ಕೋಣೆಗಳ ಫೋಟೋ ತೆಗೆದ. ಐಡಾ ಟಾರ್ಬೆಲ್ ರಾಕ್‌ಫೆಲರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಕಡತಗಳನ್ನು ವರ್ಷಗಟ್ಟಲೆ ಜಾಲಾಡಿ ಬರೆದಳು. 1911ರಲ್ಲಿ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು 34 ತುಂಡು ಮಾಡಿತು. ಅಪ್ಟನ್ ಸಿಂಕ್ಲೇರ್ ಚಿಕಾಗೋದ ಕಸಾಯಿಖಾನೆಗಳ ಕಾರ್ಮಿಕರ ಪಾಡನ್ನು ಕಾದಂಬರಿ ಮಾಡಿದ. ಜನಕ್ಕೆ ಕಾರ್ಮಿಕರ ಪಾಡು ಅಷ್ಟಾಗಿ ತಟ್ಟಲಿಲ್ಲ, ತಮ್ಮ ತಟ್ಟೆಯಲ್ಲಿದ್ದ ಮಾಂಸ ನೆನೆದು ವಾಕರಿಕೆ ಬಂತು. 1906ರಲ್ಲೇ ಶುದ್ಧ ಆಹಾರ ಮತ್ತು ಔಷಧ ಕಾನೂನು, ಮಾಂಸ ತಪಾಸಣೆ ಕಾನೂನು ಎರಡೂ ಬಂದವು.

ಟ್ರಯಾಂಗಲ್ ಬೆಂಕಿ ಅಂದರೆ?

1911ರ ಮಾರ್ಚ್ 25, ಶನಿವಾರ ಸಂಜೆ. ನ್ಯೂಯಾರ್ಕಿನ ಟ್ರಯಾಂಗಲ್ ಗಾರ್ಮೆಂಟ್ಸ್ ಕಾರ್ಖಾನೆ ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿತ್ತು. ಕೆಲಸ ಬಿಡುವ ಹೊತ್ತಿಗೆ ಬಟ್ಟೆ ಚೂರುಗಳಿಗೆ ಬೆಂಕಿ ಹತ್ತಿತು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸದವರು ಬಟ್ಟೆ ಕದಿಯಬಾರದು ಅಂತ. ಬೆಂಕಿ ಆರಿಸುವವರ ಏಣಿ ಆರನೇ ಮಹಡಿಯವರೆಗೆ ಮಾತ್ರ ಎಟುಕಿತು. 146 ಜನ ಸತ್ತರು. ಹೆಚ್ಚಿನವರು ಯಹೂದಿ, ಇಟಾಲಿಯನ್ ಹುಡುಗಿಯರು. ಹಲವರು ಕಿಟಕಿಯಿಂದ ಹಾರಿದರು.

ಮಾಲೀಕರ ಮೇಲಿನ ಕೇಸು ಬಿದ್ದುಹೋಯಿತು. ಆದರೆ ಅವತ್ತು ಬೀದಿಯಲ್ಲಿ ನಿಂತು ಇದನ್ನು ಕಣ್ಣಾರೆ ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಒಬ್ಬಳು. ನ್ಯೂಯಾರ್ಕ್ ರಾಜ್ಯದ ತನಿಖಾ ಆಯೋಗದಲ್ಲಿ ದುಡಿದಳು. ಬೆಂಕಿ ಸುರಕ್ಷೆ, ದುಡಿಮೆಯ ಗಂಟೆಗಳ ಮೇಲೆ ಹತ್ತಾರು ಕಾನೂನು ಬಂದವು. 1933ರಲ್ಲಿ ಅವಳು ದೇಶದ ಕಾರ್ಮಿಕ ಮಂತ್ರಿಯಾದಳು, ಅಮೆರಿಕದ ಮೊದಲ ಮಹಿಳಾ ಮಂತ್ರಿ. ಕಾರ್ಖಾನೆಯ ತುರ್ತು ಬಾಗಿಲು ಹೊರಕ್ಕೆ ತೆರೆಯಬೇಕು, ಬೀಗ ಹಾಕಬಾರದು ಎಂಬಂಥ ನಿಯಮಗಳ ಹಿಂದೆ ಇಂಥ ಸಾವುಗಳಿವೆ.

ಪರೀಕ್ಷೆಗೆ ಕಾನೂನುಗಳನ್ನು ಒಂದೇ ಉಸಿರಿಗೆ ಹೇಳಿ.

1913ರಲ್ಲಿ ಆದಾಯ ತೆರಿಗೆಗೆ ದಾರಿ ಮಾಡಿದ 16ನೇ ತಿದ್ದುಪಡಿ. ಅದೇ ವರ್ಷ ಸೆನೆಟರುಗಳನ್ನು ಜನರೇ ಆರಿಸುವ 17ನೇದು. 1919ರಲ್ಲಿ ಪಾನನಿಷೇಧದ 18ನೇದು, ಅದು 1933ರಲ್ಲಿ ರದ್ದಾಯಿತು. 1920ರಲ್ಲಿ ಹೆಂಗಸರ ಮತದಾನದ 19ನೇದು. ಬಾಲಕಾರ್ಮಿಕ ಕಾನೂನು 1916ರಲ್ಲಿ ಬಂತು, 1918ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು, ಮತ್ತೆ ಗಟ್ಟಿಯಾಗಿ ಬಂದದ್ದು 1938ರಲ್ಲಿ.

19ನೇದರ ಬಗ್ಗೆ ಒಂದು ಸಣ್ಣ ಕಥೆ. ಟೆನೆಸಿ ರಾಜ್ಯ ಒಪ್ಪಿದರೆ ತಿದ್ದುಪಡಿ ಪಾಸು ಅನ್ನುವ ಸ್ಥಿತಿ. 24 ವರ್ಷದ ಹ್ಯಾರಿ ಬರ್ನ್ ಎಂಬ ಶಾಸಕ ವಿರೋಧಿಗಳ ಗುರುತಾದ ಕೆಂಪು ಗುಲಾಬಿ ಸಿಕ್ಕಿಸಿಕೊಂಡೇ ಬಂದಿದ್ದ. ಜೇಬಿನಲ್ಲಿ ಅಮ್ಮನ ಕಾಗದ ಇತ್ತು, ಹೆಂಗಸರ ಪರ ಮತ ಹಾಕಪ್ಪಾ ಅಂತ. ಹಾಕಿದ. ಅಷ್ಟರಿಂದಲೇ ತೀರ್ಮಾನವಾಯಿತು.

ಇವೆರಡಕ್ಕೂ ಸಂಬಂಧ ಏನು? ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅಷ್ಟೇ ಅಲ್ವಾ?

ಅಷ್ಟು ಸಲೀಸಾಗಿ ಬೇರೆ ಮಾಡಲು ಆಗುವುದಿಲ್ಲ. ಇಂಡಿಯಾನಾದ ಸೆನೆಟರ್ ಆಲ್ಬರ್ಟ್ ಬೆವರಿಜ್‌ನನ್ನು ನೋಡಿ. 1900ರ ಜನವರಿಯಲ್ಲಿ ಫಿಲಿಪೀನ್ಸ್ ಎಂದೆಂದಿಗೂ ನಮ್ಮದೇ, ಅಲ್ಲಿನವರಿಗೆ ಆಳಿಕೊಳ್ಳುವ ಯೋಗ್ಯತೆ ಇಲ್ಲ ಎಂದು ಸೆನೆಟ್ಟಿನಲ್ಲಿ ಗುಡುಗಿದವನು ಇವನೇ. 1906ರಲ್ಲಿ ಮಾಂಸ ತಪಾಸಣೆ ಕಾನೂನಿಗೆ ಓಡಾಡಿದವನೂ, ಬಾಲಕಾರ್ಮಿಕರ ಪರ ಮಸೂದೆ ತಂದವನೂ ಇವನೇ. ಚಿಕಾಗೋ ವಿಶ್ವಮೇಳ ಕಟ್ಟಿದ ಡೇನಿಯಲ್ ಬರ್ನ್‌ಹ್ಯಾಮ್ 1905ರಲ್ಲಿ ಮನಿಲಾ ನಗರಕ್ಕೂ ಬಾಗಿಯೊ ಎಂಬ ಗಿರಿಧಾಮಕ್ಕೂ ನಕ್ಷೆ ಹಾಕಿದ, 1909ರಲ್ಲಿ ಚಿಕಾಗೋಗೆ ಹಾಕಿದ. ವಿಲಿಯಂ ಟಾಫ್ಟ್ ಮೊದಲು ಫಿಲಿಪೀನ್ಸಿನ ಗವರ್ನರ್, ಆಮೇಲೆ ಅಧ್ಯಕ್ಷನಾಗಿ ದೊಡ್ಡ ಕಂಪನಿಗಳ ಮೇಲೆ ಕೇಸು ಹಾಕಿಸಿದವನು. 1901ರ ಆಗಸ್ಟಿನಲ್ಲಿ ಥಾಮಸ್ ಎಂಬ ಹಡಗಿನಲ್ಲಿ ಸುಮಾರು 500 ಮೇಷ್ಟ್ರುಗಳು ಮನಿಲಾಕ್ಕೆ ಬಂದಿಳಿದರು. ಅಲ್ಲಿ ಯುದ್ಧ ಇನ್ನೂ ನಡೆಯುತ್ತಿತ್ತು.

ನನಗನಿಸುವುದು ಇಷ್ಟು: ನಿಮಗೆ ಯಾವುದು ಒಳ್ಳೆಯದು ಅಂತ ನಮಗೆ ಗೊತ್ತು ಅನ್ನುವ ಧೈರ್ಯ ಎರಡೂ ಕಡೆ ಒಂದೇ. ಚಿಕಾಗೋದ ಇಟಾಲಿಯನ್ ತಾಯಿಗೆ ಮಗುವಿನ ಆರೈಕೆ ಹೇಳಿಕೊಡುವಾಗಲೂ ಅದೇ ದನಿ, ಮನಿಲಾದ ಮನೆಗೆ ನುಗ್ಗಿ ಕಾಲರಾ ಹುಡುಕುವಾಗಲೂ ಅದೇ ದನಿ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಚಿಕಾಗೋದ ಆ ತಾಯಿಯ ಮನೆಯವರು ಮುಂದೆ ಮತ ಹಾಕಿ ಆ ಅಧಿಕಾರಿಯನ್ನು ಓಡಿಸಬಹುದಿತ್ತು. ಮನಿಲಾದವರಿಗೆ ಅದಿರಲಿಲ್ಲ. ಸ್ವಾತಂತ್ರ್ಯಕ್ಕೆ ಅವರು 1946ರವರೆಗೆ ಕಾಯಬೇಕಾಯಿತು.

ಕಪ್ಪು ಜನರಿಗೆ ಸುಧಾರಣೆಯಿಂದ ಏನು ಸಿಕ್ಕಿತು?

ಬಹಳ ಕಮ್ಮಿ. ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಬೋಗಿ ಇಟ್ಟರೆ ತಪ್ಪಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪು 1896ರದ್ದು. ಸುಧಾರಕ ಎಂದು ಹೆಸರಾದ ಅಧ್ಯಕ್ಷ ವುಡ್ರೋ ವಿಲ್ಸನ್‌ನ ಕಾಲದಲ್ಲೇ, 1913ರಲ್ಲಿ, ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸುವುದು ಹೆಚ್ಚಿತು. ಇದೇ ವಿಲ್ಸನ್ 1915ರಲ್ಲಿ ಹೈಟಿಗೆ ಸೈನ್ಯ ಕಳಿಸಿದ, ಆ ಸೈನ್ಯ 1934ರವರೆಗೆ ಅಲ್ಲೇ ಇತ್ತು. ಗುಂಪುಹತ್ಯೆಗಳ ಲೆಕ್ಕ ಇಟ್ಟು ಬರೆದ ಐಡಾ ಬಿ. ವೆಲ್ಸ್, ಡಬ್ಲ್ಯು.ಇ.ಬಿ. ಡುಬಾಯ್ಸ್ ಮುಂತಾದವರು ಸೇರಿ 1909ರಲ್ಲಿ ತಮ್ಮದೇ ಸಂಘಟನೆ ಕಟ್ಟಿಕೊಳ್ಳಬೇಕಾಯಿತು. 1920ರ ಮತದ ಹಕ್ಕೂ ದಕ್ಷಿಣದ ಕಪ್ಪು ಹೆಂಗಸರಲ್ಲಿ ಬಹಳ ಜನಕ್ಕೆ 1965ರವರೆಗೆ ಕಾಗದದ ಮೇಲೇ ಉಳಿಯಿತು.

ನಮಗೂ ಇದಕ್ಕೂ ಏನಾದರೂ ನಂಟಿದೆಯಾ?

ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತಲ್ಲ, ಅದರ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಸರಕು ಮಾರಲು ಎಲ್ಲ ಕಡೆಯೂ ದ್ವೀಪ ಹಿಡಿಯಬೇಕಿರಲಿಲ್ಲ.

ಇನ್ನೊಂದು ನಂಟು ಇದಕ್ಕಿಂತ ಆಳದ್ದು. 1913ರಿಂದ 1916ರವರೆಗೆ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಅವರ ಮೇಲೆ ತುಂಬ ಪ್ರಭಾವ ಬೀರಿದ ಗುರು ಜಾನ್ ಡ್ಯೂಯಿ. ಮನಿಲಾದ ಡ್ಯೂಯಿ ಬೇರೆ, ಇವರು ತತ್ವಶಾಸ್ತ್ರದ ಮೇಷ್ಟ್ರು. ಚಿಕಾಗೋದಲ್ಲಿದ್ದಾಗ ಹಲ್ ಹೌಸಿಗೆ ಹೋಗಿಬರುತ್ತಿದ್ದವರು, ಜೇನ್ ಆಡಮ್ಸ್‌ಗೆ ಆಪ್ತರು. ಪ್ರಜಾಪ್ರಭುತ್ವ ಅಂದರೆ ಬರೀ ಸರ್ಕಾರದ ಬಗೆಯಲ್ಲ, ಜನ ಕೂಡಿ ಬಾಳುವ ರೀತಿ ಎಂದು ಅಂಬೇಡ್ಕರ್ ಹೇಳಿದ್ದರ ಬೇರು ಡ್ಯೂಯಿಯವರ ಪಾಠದಲ್ಲೂ ಇದೆ.

ಅದರಲ್ಲಿ ಇವತ್ತು ಏನು ಉಳಿದಿದೆ?

ಪನಾಮ ಕಾಲುವೆಯನ್ನು 1999ರ ಡಿಸೆಂಬರ್ 31ರಂದು ಪನಾಮಕ್ಕೆ ಒಪ್ಪಿಸಿದರು. ಆಹಾರ ತಪಾಸಣೆ, ಆದಾಯ ತೆರಿಗೆ ಹಾಗೇ ಇವೆ. ಕಿತ್ತಳೆ ಕೇಸಿನ ತೀರ್ಪನ್ನೂ ಪೂರ್ತಿ ತೆಗೆದುಹಾಕಿಲ್ಲ. ಕ್ಯೂಬಾದ ಗ್ವಾಂಟನಾಮೊ ಬಂದರನ್ನು ಅಮೆರಿಕ 1903ರಲ್ಲಿ ಬಾಡಿಗೆಗೆ ಹಿಡಿಯಿತು, ಈಗಲೂ ಬಿಟ್ಟಿಲ್ಲ. ವರ್ಷದ ಬಾಡಿಗೆ 4,085 ಡಾಲರ್. ಕ್ಯಾಸ್ಟ್ರೋ ಅಧಿಕಾರಕ್ಕೆ ಬಂದ ಹೊಸದರಲ್ಲಿ ಒಂದು ಚೆಕ್ಕು ಬ್ಯಾಂಕಿಗೆ ಹೋಗಿತ್ತು. ಅದು ಗೊಂದಲದಲ್ಲಿ ಆದದ್ದು ಅಂತ ಕ್ಯೂಬಾ ಹೇಳುತ್ತದೆ. ಆಮೇಲೆ ಬಂದ ಚೆಕ್ಕುಗಳನ್ನು ಕ್ಯಾಸ್ಟ್ರೋ ನಗದು ಮಾಡಿಸದೆ ತನ್ನ ಮೇಜಿನ ಡ್ರಾಯರಿನಲ್ಲಿ ತುಂಬಿಟ್ಟಿದ್ದ.